ನಿಮ್ಮ ಹೈಸ್ಕೂಲು ಟೀಮಿಗೆ ಹುಲಿ, ಸಿಂಹ ಬಿಟ್ಟು ಬೇರೆ ಹೆಸರು ಹುಡುಕುವುದು ಹೇಗೆ?

ಆಗಸ್ಟ್ ಬಂತೆಂದರೆ ಹೋಬಳಿ ಮಟ್ಟದ ಕ್ರೀಡಾಕೂಟ ಶುರು. ಕಬಡ್ಡಿ, ಖೋ-ಖೋ, ವಾಲಿಬಾಲ್, ಥ್ರೋಬಾಲ್. ಯಾರೋ ಹಳೇ ವಿದ್ಯಾರ್ಥಿ ಬೆಂಗಳೂರಿನಿಂದ ಫೋನ್ ಮಾಡಿ ಮಕ್ಕಳಿಗೆ ಜೆರ್ಸಿ ಕೊಡಿಸುತ್ತೇನೆ ಅನ್ನುತ್ತಾರೆ, ಪಿ.ಟಿ. ಮೇಷ್ಟ್ರಿಗೆ ಖುಷಿಯೋ ಖುಷಿ, ಪ್ರಿಂಟಿಂಗ್ ಅಂಗಡಿಯವನು ಎದೆ ಮೇಲೆ ಏನು ಹಾಕಲಿ ಅಂತ ಕೇಳುತ್ತಾನೆ, ಅಲ್ಲಿಗೆ ಎಲ್ಲರ ತಲೆಯೂ ಖಾಲಿ. ಕೊನೆಗೆ ಟೈಗರ್ಸ್. ಅದನ್ನು ಪಕ್ಕದ ಶಾಲೆಯವರು ಇಟ್ಟುಕೊಂಡಿದ್ದರೆ ಲಯನ್ಸ್. ಅದೂ ಹೋಗಿದ್ದರೆ ಈಗಲ್ಸ್.

ಸಿಂಹದ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಊರಿನ ಹೆಸರಲ್ಲಿ ಆಡುವ ಕ್ರಿಕೆಟ್ ತಂಡವೇ ಶಿವಮೊಗ್ಗ ಲಯನ್ಸ್. ತ್ಯಾವರೆಕೊಪ್ಪಕ್ಕೆ ಹೋದರೆ ಬೇಲಿಯೊಳಗೆ ಸಿಂಹ ನೋಡಲೂ ಸಿಗುತ್ತದೆ. ಆದರೆ ಸಿಂಹ ಅಂದಾಗ ಇದು ಯಾವ ಊರಿನ ಟೀಮು ಅಂತ ಯಾರಿಗಾದರೂ ಗೊತ್ತಾಗುತ್ತದಾ? ತೀರ್ಥಹಳ್ಳಿಯೋ, ತುಮಕೂರೋ, ತಂಜಾವೂರೋ.

ಈ ವಿಷಯದಲ್ಲಿ ನೋಡಬೇಕಾದದ್ದು ಅಮೆರಿಕದ ಸಣ್ಣ ಊರುಗಳ ಹೈಸ್ಕೂಲುಗಳನ್ನು. ಅಲ್ಲಿ ಹೆಚ್ಚು ಕಡಿಮೆ ಪ್ರತಿ ಹೈಸ್ಕೂಲು ಟೀಮಿಗೂ ಒಂದು ಅಡ್ಡಹೆಸರು ಇರುತ್ತದೆ, ಅದಕ್ಕೆ ತಕ್ಕ ಮ್ಯಾಸ್ಕಟ್ ಇರುತ್ತದೆ. ಮ್ಯಾಸ್ಕಟ್ ಅಂದರೆ ಆಟ ನಡೆಯುವಾಗ ಮೈದಾನದ ಪಕ್ಕ ಪ್ರಾಣಿಯದೋ ಬೊಂಬೆಯದೋ ವೇಷ ಹಾಕಿ ಕುಣಿಯುತ್ತಾರಲ್ಲ, ಅದು. ಅಲ್ಲೂ ಜಾಸ್ತಿ ಜನ ಹುಲಿ, ಹದ್ದು, ಬುಲ್‌ಡಾಗ್ ಅಂತಲೇ ಇಟ್ಟುಕೊಂಡಿದ್ದಾರೆ. ಆದರೆ ಕೆಲವು ಊರುಗಳು ಟೀಮಿಗೆ ಜೋಳ ಕೀಳುವವರು, ಮರದ ಚಪ್ಪಲಿ, ಅನಾಥರು, ಅಷ್ಟೇ ಯಾಕೆ, ಕ್ರಿಮಿನಲ್‌ಗಳು ಅಂತ ಕೂಡ ಹೆಸರಿಟ್ಟು, ತಲೆಮಾರುಗಳಿಂದ ಅದೇ ಹೆಸರಲ್ಲಿ ಆಡುತ್ತಿವೆ. ಆ ಹೆಸರುಗಳು ಹುಟ್ಟಿದ ದಾರಿ ನೋಡಿಕೊಂಡರೆ ನಮ್ಮ ಶಾಲೆಗೂ ಒಂದು ಹೆಸರು ಹುಡುಕಬಹುದು. ಅದು ಹೇಗೆ ಅಂತ ಬರೆಯುತ್ತೇನೆ.

ಊರು ಹೊಟ್ಟೆಪಾಡಿಗೆ ಏನು ಮಾಡುತ್ತದೆ?

ಇದು ಎಲ್ಲಕ್ಕಿಂತ ಗಟ್ಟಿ ದಾರಿ. ಇಲಿನಾಯ್ ರಾಜ್ಯದ ಹೂಪ್‌ಸ್ಟನ್ ಊರಿನಲ್ಲಿ ಸ್ವೀಟ್ ಕಾರ್ನ್ ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. ಹೊಲದಲ್ಲಿ ತೆನೆಯನ್ನು ಕೈಯಿಂದ ಎಳೆದು ಕಿತ್ತು ಕಳಿಸಬೇಕಿತ್ತು. ಅಲ್ಲಿನ ಹೈಸ್ಕೂಲು ಟೀಮಿನ ಹೆಸರು ಕಾರ್ನ್‌ಜರ್ಕರ್ಸ್, ಅಂದರೆ ಜೋಳದ ತೆನೆ ಎಳೆದು ಕೀಳುವವರು. ಅದೇ ರಾಜ್ಯದ ಟ್ಯೂಟೊಪೊಲಿಸ್‌ನಲ್ಲಿ ಜರ್ಮನಿಯಿಂದ ಬಂದು ನೆಲೆಸಿದವರು ಮರದ ಪಾದರಕ್ಷೆ ಮಾಡುತ್ತಿದ್ದರು. ಟೀಮಿನ ಹೆಸರು ವುಡನ್ ಶೂಸ್. ಆರೆಗಾನ್‌ನ ಟಿಲ್ಲಮೂಕ್‌ನಲ್ಲಿ ಚೀಸ್ ಮಾಡುವವರು, ಐಡಹೋದ ಶೆಲ್ಲಿಯಲ್ಲಿ ಒಂದು ಜಾತಿಯ ಆಲೂಗಡ್ಡೆ, ಯೂಟಾದ ಜೋರ್ಡನ್ ಹೈಸ್ಕೂಲಿನಲ್ಲಿ ಬೀಟ್ ಅಗೆಯುವವರು, ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ನಲ್ಲಿ ಸಮುದ್ರಕ್ಕೆ ಮುಳುಗಿ ಸ್ಪಂಜು ತೆಗೆಯುವವರು. ಅಲ್ಲಿಗೆ ಸ್ಪಂಜಿನ ಕೆಲಸಕ್ಕೆ ಗ್ರೀಕ್ ಮುಳುಗುಗಾರರು ಬಂದು ನೆಲೆಸಿದ್ದರು. ಮಿಶಿಗನ್‌ನ ಮೌಂಟ್ ಕ್ಲೆಮೆನ್ಸ್ ಖನಿಜದ ನೀರಿನ ಸ್ನಾನಕ್ಕೆ ಹೆಸರಾದ ಊರು. ಅಲ್ಲಿನ ಟೀಮು ಬ್ಯಾಟ್ಲಿಂಗ್ ಬೇದರ್ಸ್, ಸ್ನಾನ ಮಾಡುವ ಹೋರಾಟಗಾರರು! ಹಾಗೆ ನೋಡಿದರೆ ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆ ನೀರು ಹೊಯ್ದುಕೊಳ್ಳುವ ನಮ್ಮ ಮಲೆನಾಡಿನ ಯಾವ ಊರಿಗೆ ಬೇಕಾದರೂ ಈ ಹೆಸರು ಸಲ್ಲುತ್ತದೆ.

ಇವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಲಿನಾಯ್‌ನ ಕಾಬ್ಡನ್. ಸೇಬು ಬೆಳೆಯುವ ಪುಟ್ಟ ಊರು. ಟೀಮಿನ ಹೆಸರು ಆಪಲ್‌ನಾಕರ್ಸ್, ಸೇಬು ಉದುರಿಸುವವರು. ಹಳ್ಳಿ ಗಮಾರ ಅಂತ ಬೈಯಲಿಕ್ಕೂ ಅಲ್ಲಿ ಇದೇ ಮಾತನ್ನು ಬಳಸುತ್ತಿದ್ದರು. ಆ ಕಾಲಕ್ಕೆ ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಶಾಲೆ, ಸಣ್ಣ ಶಾಲೆ ಅಂತ ಬೇರೆ ಬೇರೆ ವಿಭಾಗ ಇರಲಿಲ್ಲ. ಎಲ್ಲರೂ ಒಂದೇ ಟೂರ್ನಿಯಲ್ಲಿ ಆಡಬೇಕು. ನಮ್ಮಲ್ಲಿ ಘಟ್ಟದ ಅಂಚಿನ ಸರ್ಕಾರಿ ಹೈಸ್ಕೂಲು ಸೀದಾ ಪೇಟೆಯ ದೊಡ್ಡ ಶಾಲೆಯ ಎದುರಿಗೆ ಬೀಳುತ್ತದಲ್ಲ, ಅದೇ ಕಥೆ. 1964ರಲ್ಲಿ ಕಾಬ್ಡನ್ ಹುಡುಗರು ಒಂದೊಂದೇ ಶಾಲೆಯನ್ನು ಸೋಲಿಸಿಕೊಂಡು ರಾಜ್ಯದ ಫೈನಲ್‌ಗೆ ಹೋದರು. ಫೈನಲ್‌ನಲ್ಲಿ ಪೀಕಿನ್ ಅನ್ನುವ ಊರಿನ ಎದುರು 50-45ರಲ್ಲಿ ಸೋತರು. ಗೆದ್ದವರಿಗಿಂತ ಸೋತವರ ಹೆಸರೇ ಜನಕ್ಕೆ ಜಾಸ್ತಿ ನೆನಪಿದೆ. ಗೆದ್ದ ಪೀಕಿನ್ ಟೀಮಿನ ಹೆಸರಿನದ್ದೇ ಬೇರೆ ರಗಳೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಮ್ಮ ಕಡೆ ನೋಡಿ. ಸೇಬಿನ ಜಾಗದಲ್ಲಿ ಅಡಿಕೆ ಇಡಿ. ಒಂದು ಅಡಿಕೆ ಬೆಳೆಯ ಸುತ್ತ ಎಷ್ಟು ಕೆಲಸ, ಎಷ್ಟು ಹೆಸರು! ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವ ಕೊನೆಗಾರ ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ಬಾಗಿ ಹಿಡಿದು ದಾಟುತ್ತಾನೆ. ಹಗ್ಗದಲ್ಲಿ ಜಾರಿಬಿಟ್ಟ ಕೊನೆಯನ್ನು ಕೆಳಗೆ ಹಿಡಿಯುವವರು ಒಂದು ಕ್ಷಣ ಕಣ್ಣು ತಪ್ಪಿಸುವ ಹಾಗಿಲ್ಲ. ವಾಲಿಬಾಲ್ ಟೀಮಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ನೆಟ್ ಮೇಲೆ ಹಾರುವವನು ಕೊನೆಗಾರ, ಹಿಂದೆ ಬಗ್ಗಿ ಚೆಂಡು ಎತ್ತುವವನು ಕೊನೆ ಹಿಡಿಯುವವನು. ಆಮೇಲೆ ಅಡಿಕೆ ಸುಲಿಯುವ ಕೆಲಸ ಇದೆ. ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಎಷ್ಟು ಹೊತ್ತಾದರೂ ಕೈ ನಿಲ್ಲಿಸದವರಿದ್ದಾರೆ. ಬೇಯಿಸುವ ಹಂಡೆ ಇದೆ. ಅದಕ್ಕಿಂತ ಮುಖ್ಯ, ಚೊಗರು ಇದೆ, ಅಡಿಕೆ ಬೇಯಿಸಿದ ಮೇಲೆ ಉಳಿಯುವ ಬಣ್ಣದ ನೀರು. ಚೊಗರು ಅಂತ ಟೀಮಿಗೆ ಹೆಸರಿಟ್ಟರೆ ಜೆರ್ಸಿ ಬಣ್ಣವನ್ನು ಬೇರೆ ಯೋಚಿಸಬೇಕಿಲ್ಲ, ಆ ಕಡುಗೆಂಪು ಕಂದು ಬಣ್ಣ ಹೆಸರಿನ ಜೊತೆಗೇ ಬಂತು. ಕೈಗೆ ಹತ್ತಿದರೆ ದಿನಗಟ್ಟಲೆ ಹೋಗದ ಬಣ್ಣ ಅಂತ ಎದುರಾಳಿಗೂ ಗೊತ್ತು.

ಜಾರ್ಜಿಯಾದ ಕೇರೋ ಊರಿನ ಟೀಮು ಸಿರಪ್‌ಮೇಕರ್ಸ್. ಅಲ್ಲಿ ಕಬ್ಬಿನ ಹಾಲು ಕಾಯಿಸಿ ಪಾಕ ಮಾಡಿ ಮಾರುತ್ತಿದ್ದರು. ಆಲೆಮನೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಗರ, ಸೊರಬ, ಹೊಸನಗರದ ಕಡೆಯ ಶಾಲೆಯೊಂದು ಜೋನಿಬೆಲ್ಲ (ಪಾಕದ ಹಾಗಿರುವ ಬೆಲ್ಲ) ಅಂತ ಹೆಸರಿಟ್ಟುಕೊಂಡು ಮೈದಾನಕ್ಕೆ ಇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಮರೆಯುವುದಿಲ್ಲ. ಒಂದೇ ತೊಂದರೆ, ಅಂಟು ಜಾಸ್ತಿ. ಖೋ-ಖೋ ಟೀಮಿಗೆ ಇಡಬೇಡಿ, ಕೂತವರು ಏಳುವುದೇ ಇಲ್ಲ ಅಂತ ಚಾಳಿಸುತ್ತಾರೆ.

ಭದ್ರಾವತಿಯವರಿಗೆ ಇನ್ನೂ ಸುಲಭ. ಮಿಶಿಗನ್‌ನ ಇಷ್ಪೆಮಿಂಗ್ ಕಬ್ಬಿಣದ ಗಣಿಯ ಊರು. ಅಲ್ಲಿನ ಟೀಮಿಗೆ ಅದಿರಿನ ಹೆಸರನ್ನೇ ಇಟ್ಟಿದ್ದಾರೆ, ಹೆಮಟೈಟ್ಸ್. ನಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸುವುದು ಶುರುವಾಯಿತು. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಕೆಮ್ಮಣ್ಣು ಅಂತಲೇ ಟೀಮಿಗೆ ಹೆಸರಿಡಬಹುದು. ಕಬಡ್ಡಿ ಅಂಕಣದಿಂದ ಏಳುವ ಹುಡುಗನ ಮಂಡಿ, ಮೊಣಕೈ ಹೇಗೂ ಅದೇ ಬಣ್ಣದಲ್ಲಿರುತ್ತದೆ. ಇನ್ನು ಪೇಪರ್ ಟೌನ್ ಕಡೆಯ ಶಾಲೆಯವರು ವಾಷಿಂಗ್ಟನ್ ರಾಜ್ಯದ ಕ್ಯಾಮಸ್ ಊರನ್ನು ನೋಡಬೇಕು. ಅಲ್ಲಿ 1880ರ ದಶಕದಿಂದ ಕಾಗದದ ಕಾರ್ಖಾನೆ ಇದೆ. ಟೀಮು ಪೇಪರ್‌ಮೇಕರ್ಸ್. ಮ್ಯಾಸ್ಕಟ್ ಪ್ರಾಣಿ ಅಲ್ಲ, ಕಾಗದ ಮಾಡುವ ಯಂತ್ರ! ಹೆಸರು ಮೀನ್ ಮಷೀನ್. 2018ರ ಹೊತ್ತಿಗೆ ಆ ಕಾರ್ಖಾನೆಯ ಬಹುಪಾಲು ಕೆಲಸ ನಿಂತುಹೋಯಿತು. ಟೀಮಿನ ಹೆಸರನ್ನು ಯಾರೂ ತೆಗೆಯಲಿಲ್ಲ. ನಮ್ಮ ಭದ್ರಾವತಿಯ ಕಾಗದದ ಕಾರ್ಖಾನೆ ಎಂಪಿಎಂನ ಯಂತ್ರಗಳು ನಿಂತೂ ವರ್ಷಗಳಾದವು. ಅಪ್ಪ ಅಲ್ಲಿ ಕೆಲಸ ಮಾಡುತ್ತಿದ್ದರು ಅನ್ನುವ ಮಕ್ಕಳು ಆ ಊರಿನ ಶಾಲೆಗಳಲ್ಲಿ ಈಗಲೂ ಇದ್ದಾರೆ. ಕಾರ್ಖಾನೆ ಮುಚ್ಚಿದ ಮೇಲೆ ಆ ಹೆಸರು ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಈಗಲೇ ಬೇಕು.

ಹಾಗಾದರೆ ಮಾಡಬೇಕಾದದ್ದು ಇಷ್ಟು. ಒಂದು ಶನಿವಾರ ಮಕ್ಕಳಿಗೆ ಮನೆಗೆಲಸ ಕೊಡಿ. ಅಜ್ಜ, ಅಜ್ಜಿ, ಅಪ್ಪ, ಅಮ್ಮ ಕೈಯಲ್ಲಿ ಹಿಡಿಯುವ ಸಾಮಾನು, ಮಾಡುವ ಕೆಲಸ, ಆ ಕೆಲಸಕ್ಕೆ ಮನೆಯಲ್ಲಿ ಅನ್ನುವ ಮಾತು ಬರೆದುಕೊಂಡು ಬರಲಿ. ಪುಸ್ತಕದ ಮಾತು ಬೇಡ. ಕೊಟ್ಟೆ, ದೋಟಿ, ಗೊರಬು, ಕಂಬಳಿಕೊಪ್ಪೆ, ಇಂಥವು ಬರಬೇಕು. ಸೋಮವಾರ ಬೋರ್ಡಿನ ಮೇಲೆ ಎಲ್ಲ ಬರೆಸಿ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ಬೈಗುಳದಿಂದಲೂ ಹೆಸರು ಹುಟ್ಟುತ್ತದೆ, ಆದರೆ

ಅರಿಝೋನಾದ ಯೂಮಾದಲ್ಲಿ 1910ರಲ್ಲಿ ಹೈಸ್ಕೂಲು ಕಟ್ಟಡ ಸುಟ್ಟುಹೋಯಿತು. ಮಕ್ಕಳಿಗೆ ಜಾಗ ಇಲ್ಲ. ಊರಿನಲ್ಲಿ ಒಂದು ಜೈಲು ಇತ್ತು, ಅದರ ಹಿಂದಿನ ವರ್ಷವಷ್ಟೇ ಖಾಲಿಯಾಗಿತ್ತು. ಸರಿ, ಅಲ್ಲೇ ಪಾಠ ಶುರು ಮಾಡಿದರು. 1914ರ ತನಕ ಮಕ್ಕಳು ಓದಿದ್ದು ಜೈಲಿನಲ್ಲಿ. ಫೀನಿಕ್ಸ್ ನಗರದ ಶಾಲೆಯ ಜೊತೆ ಫುಟ್‌ಬಾಲ್ ಆಡಿ ಗೆದ್ದಾಗ ಸೋತ ಕಡೆಯವರು ಇವರನ್ನು ಕ್ರಿಮಿನಲ್‌ಗಳು ಅಂತ ಬೈದರು ಅನ್ನುತ್ತಾರೆ. ಮೊದಲು ಇವರಿಗೆ ಕೋಪ ಬಂತು, ಆಮೇಲೆ ಅದೇ ಹೆಸರು ಹಿಡಿಸಿತು. 1917ರಲ್ಲಿ ಶಾಲೆಯವರು ಅದನ್ನು ಅಧಿಕೃತ ಮಾಡಿಕೊಂಡರು. ಇವತ್ತಿಗೂ ಅವರು ಯೂಮಾ ಕ್ರಿಮಿನಲ್ಸ್. ಟೀ ಶರ್ಟು, ಟೋಪಿ ಮಾರುವ ಶಾಲೆಯ ಅಂಗಡಿಗೆ ಸೆಲ್ ಬ್ಲಾಕ್ ಅಂತ ಹೆಸರು.

ಇಲಿನಾಯ್‌ನ ಸೆಂಟ್ರೇಲಿಯಾ ಶಾಲೆಯದೂ ಇದೇ ಥರ. ದುಡ್ಡಿಲ್ಲದ ಕಾಲದಲ್ಲಿ ಒಬ್ಬೊಬ್ಬ ಒಂದೊಂದು ಥರದ ಹಳೇ ಬಟ್ಟೆ ಹಾಕಿಕೊಂಡು ಬಾಸ್ಕೆಟ್‌ಬಾಲ್ ಆಡಲು ಹೋದರಂತೆ. ನೋಡಿದವರು ಯಾರೋ ಅನಾಥ ಮಕ್ಕಳ ಹಾಗೆ ಕಾಣುತ್ತಾರೆ ಅಂದರಂತೆ. ಟೀಮಿನ ಹೆಸರು ಆರ್ಫನ್ಸ್ ಆಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಬೈಸಿಕೊಂಡವರೇ ಆ ಹೆಸರನ್ನು ಎತ್ತಿಕೊಂಡರು. ಅದು ಅವರ ಹಕ್ಕು. ಇನ್ನೊಬ್ಬರಿಗೆ ಬಿದ್ದ ಬೈಗುಳವನ್ನು ನಾವು ಎದೆ ಮೇಲೆ ಬರೆಸಿಕೊಂಡರೆ ಅದು ತಮಾಷೆ ಅಲ್ಲ, ಅವಮಾನ. 1964ರಲ್ಲಿ ಕಾಬ್ಡನ್‌ನ ಸೋಲಿಸಿದ ಪೀಕಿನ್ ಊರನ್ನೇ ನೋಡಿ. ಚೀನಾದ ಪೀಕಿಂಗ್ ನಗರದಿಂದ ಬಂದ ಊರಿನ ಹೆಸರು. ಅದನ್ನೇ ಹಿಡಿದು ಟೀಮಿಗೆ ಚಿಂಕ್ಸ್ ಅಂತ ಇಟ್ಟುಕೊಂಡಿದ್ದರು. ಅದು ಚೀನೀಯರನ್ನು ಹೀಯಾಳಿಸುವ ಬೈಗುಳ. ಟೀಮಿನಲ್ಲಿ ಆಡುತ್ತಿದ್ದವರು ಚೀನೀಯರಲ್ಲ. ಚೀನಾ ಮೂಲದ ಅಮೆರಿಕನ್ನರು ಬಂದು ಕೇಳಿಕೊಂಡರೂ ವರ್ಷಗಟ್ಟಲೆ ಬಿಡಲಿಲ್ಲ. ಕೊನೆಗೆ 1980ರಲ್ಲಿ ಡ್ರ್ಯಾಗನ್ಸ್ ಅಂತ ಬದಲಾಯಿಸಿದರು. ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಕಣಿವೆಯಲ್ಲಿ ಖರ್ಜೂರ ಬೆಳೆಯುತ್ತಾರೆ ಅಂತ ಹೈಸ್ಕೂಲು ಟೀಮಿಗೆ ಅರಬ್ಸ್ ಅಂತ ಹೆಸರು. ಸಿಡುಕು ಮುಖ, ಗಡ್ಡ, ಕೊಕ್ಕೆ ಮೂಗಿನ ಮ್ಯಾಸ್ಕಟ್ ನೋಡಿ 2013ರಲ್ಲಿ ಅರಬ್ ಮೂಲದ ಅಮೆರಿಕನ್ನರ ಸಂಘಟನೆಯೊಂದು ಆಕ್ಷೇಪ ಎತ್ತಿತು. ಆಮೇಲೆ ಆ ಮುಖ ಬದಲಾಯಿತು.

ನಮ್ಮ ಕಡೆ ಇದನ್ನು ಹೇಗೆ ಪರೀಕ್ಷೆ ಮಾಡುವುದು? ಒಂದೇ ಪ್ರಶ್ನೆ ಸಾಕು. ಹೆಸರಿನಲ್ಲಿ ಯಾರಿದ್ದಾರೋ ಅವರ ಮನೆ ಮಕ್ಕಳು ಟೀಮಿನಲ್ಲಿ ಇದ್ದಾರಾ? ಮೇಲೆ ಕೊನೆಗಾರರು ಅಂತ ಬರೆದೆನಲ್ಲ, ಅದಕ್ಕೂ ಇದೇ ಪ್ರಶ್ನೆ. ಮರ ಹತ್ತುವವರ ಮಕ್ಕಳು ಆ ಹೆಸರನ್ನು ಬೇಕು ಅಂದರೆ ಚಂದ. ತೋಟದ ಯಜಮಾನರ ಮಕ್ಕಳು ಮಾತ್ರ ಇರುವ ಟೀಮಿಗೆ ಅದು ಬರೀ ವೇಷ. ಶರಾವತಿ ಹಿನ್ನೀರಿನ ಕಡೆಯ ಹುಡುಗರು ನಾವು ಮುಳುಗಡೆ ಹುಡುಗರು ಅಂತ ತಾವೇ ಜೆರ್ಸಿ ಮೇಲೆ ಬರೆಸಿಕೊಂಡರೆ ನಾನು ಚಪ್ಪಾಳೆ ಹೊಡೆಯುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಬಿಟ್ಟು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಪೇಟೆ ಶಾಲೆ ಅದನ್ನು ಇಟ್ಟುಕೊಂಡರೆ ತಪ್ಪು. ಜಾತಿ ಹೆಸರು, ಒಂದೇ ಜಾತಿಗೆ ಅಂಟಿಸಿದ ಕಸುಬಿನ ಹೆಸರು ಬೋರ್ಡಿಗೆ ಬಂದರೆ ಮಾತಿಲ್ಲದೆ ಅಳಿಸಿ.

ಸಾವು, ಕಾಯಿಲೆ ಕೂಡ ಬೇಡ. ವಾಷಿಂಗ್ಟನ್ ರಾಜ್ಯದ ರಿಚ್‌ಲೆಂಡ್ ಹೈಸ್ಕೂಲು ಟೀಮು ಬಾಂಬರ್ಸ್. ನಾಗಸಾಕಿಯ ಮೇಲೆ 1945ರ ಆಗಸ್ಟ್ 9ರಂದು ಹಾಕಿದ ಅಣುಬಾಂಬಿನ ಪ್ಲುಟೋನಿಯಂ ತಯಾರಾಗಿದ್ದು ಅದೇ ಊರಿನ ಪಕ್ಕದ ಹ್ಯಾನ್‌ಫರ್ಡ್‌ನಲ್ಲಿ. ಅಲ್ಲಿನ ಕೆಲಸಗಾರರು ಒಂದು ದಿನದ ಸಂಬಳ ಹಾಕಿ ಸೈನ್ಯಕ್ಕೆ ಕೊಡಿಸಿದ ವಿಮಾನದಿಂದ ಬಂದ ಹೆಸರು ಅಂತ ಕೆಲವರು, ಬಾಂಬಿನಿಂದಲೇ ಬಂದದ್ದು ಅಂತ ಕೆಲವರು. ವಿಮಾನ ಅಂದುಕೊಳ್ಳೋಣ ಅಂದರೆ ಶಾಲೆಯ ಗುರುತಾಗಿ ನಿಂತದ್ದು ಅಣಬೆ ಆಕಾರದ ಆ ಹೊಗೆಯ ಚಿತ್ರ. ನಮ್ಮಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಒಂದು ಕಾಯಿಲೆಗೆ ಇದೆ. 1957ರಲ್ಲಿ ಅಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಯ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ಜೀವ ತೆಗೆಯುತ್ತದೆ. ಹುಡುಗರು ತಮಾಷೆಗೆ ನಾವು ಕೆಎಫ್‌ಡಿ ಬಾಯ್ಸ್ ಅನ್ನಬಹುದು. ಬೇಡ ಅನ್ನಿ. ಎದುರು ಟೀಮಿನ ಹುಡುಗನ ಮನೆಯಲ್ಲೇ ಯಾರೋ ಹೋಗಿರಬಹುದು.

ಊರಿನ ಹೆಸರನ್ನೇ ತಿರುಚಿ ನೋಡಿ

ಕೆಲಸ ಹಿಡಿಸಲಿಲ್ಲ ಅಂದರೆ ಇದು ಸುಲಭದ ದಾರಿ. ವೆಸ್ಟ್ ವರ್ಜೀನಿಯಾದಲ್ಲಿ ಪೋಕಾ ಅಂತ ಊರು. ಟೀಮಿನ ಹೆಸರು ಡಾಟ್ಸ್. ಎರಡನ್ನೂ ಸೇರಿಸಿ ಓದಿದರೆ ಚುಕ್ಕಿ ಚುಕ್ಕಿ ಬಟ್ಟೆ, ಪೋಲ್ಕಾ ಡಾಟ್ಸ್. ಇಲಿನಾಯ್‌ನ ಪೋಲೋ ಊರಿನ ಟೀಮು ಮಾರ್ಕೋಸ್, ಯಾತ್ರಿಕ ಮಾರ್ಕೋ ಪೋಲೋನ ಹೆಸರು. ಮಿಶಿಗನ್‌ನ ಬ್ಯಾಡ್ ಆಕ್ಸ್ ಊರಿನ ಟೀಮು ಹ್ಯಾಚೆಟ್ಸ್, ಅಂದರೆ ಕೈಗೊಡಲಿ.

ನಮಗೆ ಸಾಗರ ಇದೆಯಲ್ಲ. ಸುತ್ತ ಬೆಟ್ಟ, ಕಾಡು, ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಸಾಗರದ ಶಾಲೆಯೊಂದಕ್ಕೆ ತಿಮಿಂಗಿಲ ಅಂತ ಹೆಸರಿಟ್ಟು ನೋಡಿ. ಸಾಗರದ ತಿಮಿಂಗಿಲ! ಕೋಣಂದೂರಿನವರಿಗೆ ಕೋಣ ಬಿಟ್ಟರೆ ಬೇರೆ ಬೇಕೇ ಬೇಡ, ಅದೂ ಕಬಡ್ಡಿಯಲ್ಲಿ. ಹುಲಿಕಲ್‌ನವರು ಹುಲಿ ಅಂತ ಇಟ್ಟುಕೊಳ್ಳಲಿ, ಅವರಿಗೆ ಮಾಫಿ. ನಾಲ್ಕು ಹೌಸ್ ಮಾಡುವ ಶಾಲೆಗಳು ಕೆಂಪು, ಹಸಿರು, ನೀಲಿ, ಹಳದಿ ಬಿಟ್ಟು ಜೋಗದ ನಾಲ್ಕು ಧಾರೆಗಳನ್ನು ತೆಗೆದುಕೊಳ್ಳಬಹುದು. ರಾಜ, ರಾಣಿ, ರೋರರ್, ರಾಕೆಟ್. ರಾಕೆಟ್ ಹೌಸಿಗೆ ಹೋಗಲು ಜಗಳ ಆಗುತ್ತದೆ, ಚೀಟಿ ಎತ್ತಿಸಿ.

ಪ್ರಾಣಿಯೇ ಬೇಕೆಂದರೆ

ಬೇಕಿದ್ದರೆ ಇರಲಿ, ಆದರೆ ನಿಮ್ಮ ಕಾಡಿನದ್ದು, ನಿಮ್ಮ ಹಟ್ಟಿಯದ್ದು ಆಗಲಿ. ಇಲ್ಲವೇ ಅದರ ಹಿಂದೆ ಒಂದು ಕಥೆ ಇರಲಿ. ಟೆಕ್ಸಾಸ್‌ನ ಹಟ್ಟೋ ಊರಿನ ಟೀಮು ಹಿಪ್ಪೋಸ್. ಟೆಕ್ಸಾಸ್‌ನಲ್ಲಿ ನೀರಾನೆ ಎಲ್ಲಿಂದ ಬಂತು? 1915ರಲ್ಲಿ ಸರ್ಕಸ್ಸಿನ ರೈಲು ಆ ಊರಿನಲ್ಲಿ ನಿಂತಾಗ ಒಂದು ನೀರಾನೆ ತಪ್ಪಿಸಿಕೊಂಡು ಹಳ್ಳಕ್ಕೆ ಇಳಿದು ಕೂತುಬಿಟ್ಟಿತಂತೆ, ಎಷ್ಟು ಎಬ್ಬಿಸಿದರೂ ಏಳಲಿಲ್ಲವಂತೆ. ಈಗ ಆ ಊರಿನ ತುಂಬ, ಅಂಗಡಿ ಮುಂದೆ, ಮನೆ ಮುಂದೆ, ಕಾಂಕ್ರೀಟಿನ ನೀರಾನೆಗಳು.

ನನ್ನನ್ನು ಕೇಳಿದರೆ ಮಲೆನಾಡಿನ ಕಬಡ್ಡಿ ಟೀಮಿಗೆ ಉಂಬಳಕ್ಕಿಂತ ಒಳ್ಳೆ ಹೆಸರಿಲ್ಲ. ಪೇಟೆಯವರು ಜಿಗಣೆ ಅನ್ನುತ್ತಾರಲ್ಲ, ಅದೇ. ಮಳೆಗಾಲದಲ್ಲಿ ಶಾಲೆಗೆ ನಡೆದು ಬರುವ ಮಕ್ಕಳ ಕಾಲಿಗೆ ದಿನಾ ಹತ್ತುತ್ತದೆ. ಯಾವಾಗ ಹತ್ತಿತು ಅಂತ ಗೊತ್ತಾಗುವುದಿಲ್ಲ. ಹಿಡಿದರೆ ಬಿಡುವುದಿಲ್ಲ. ಎಳೆದರೆ ರಬ್ಬರಿನ ಹಾಗೆ ಉದ್ದ ಆಗುತ್ತದೆ ಹೊರತು ಕಳಚಿಕೊಳ್ಳುವುದಿಲ್ಲ. ರೈಡರ್‌ನ ಹಿಮ್ಮಡಿ ಹಿಡಿಯುವ ಡಿಫೆಂಡರ್‌ಗೆ ಇನ್ನೇನು ಬೇಕು? ಎದುರು ಟೀಮಿನವರು ಮೈದಾನಕ್ಕೆ ಉಪ್ಪಿನ ಪೊಟ್ಟಣ, ಸುಣ್ಣದ ಡಬ್ಬಿ ತಂದು ತೋರಿಸುತ್ತಾರೆ, ಅದು ಗ್ಯಾರಂಟಿ. ತರಲಿ. ಚಾಳಿಸುವುದಕ್ಕೂ ನಮ್ಮೂರಿನ ಸಾಮಾನೇ ಬೇಕಾಯಿತು ಅಂದರೆ ಹೆಸರು ಸರಿಯಾಗಿದೆ ಅಂತಲೇ.

ಎರಡನೆಯದು ಮಲೆನಾಡು ಗಿಡ್ಡ. ಗಿಡ್ಡ ದನ, ಆದರೆ ಗಟ್ಟಿ, ಗುಡ್ಡ ಹತ್ತಿ ಇಳಿದು ಮೇಯುವ ಜಾತಿ. ಬೇಲಿ ಹಾರುವುದರಲ್ಲಿ ಅದನ್ನು ಮೀರಿಸುವವರಿಲ್ಲ, ತೋಟ ಇರುವವರನ್ನು ಕೇಳಿ. ಎತ್ತರ ಕಡಿಮೆ ಇರುವ ಹುಡುಗಿಯರ ಖೋ-ಖೋ ಟೀಮಿಗೆ ಹೇಳಿ ಮಾಡಿಸಿದ ಹಾಗಿದೆ. ಆಗುಂಬೆ ಕಡೆಯವರಿಗೆ ಕಾಳಿಂಗ ಇದೆ. ಕೋಬ್ರಾಸ್ ಅಂತ ಬರೆಸಬೇಡಿ, ಆ ಹೆಸರಿನ ಟೀಮು ಎಲ್ಲ ಊರಲ್ಲೂ ಇದೆ. ಕಾಳಿಂಗ ಅಂತಲೇ ಬರೆಸಿ. ಬೇರೆ ಹಾವುಗಳನ್ನೇ ತಿಂದು ಬದುಕುವ ಹಾವು, ಊರಿನವರಿಗೆ ಅದರ ಮೇಲೆ ಭಯ, ಭಕ್ತಿ ಎರಡೂ ಇದೆ. ಮಂಗಟ್ಟೆ ಹಕ್ಕಿ, ಸಿಂಗಳೀಕ, ಕೆಂಜಳಿಲು, ಚಿಪ್ಪಲಗುಡ್ಡೆಯ ಮೀನು, ಸಕ್ರೆಬೈಲಿನ ಆನೆ, ಯಾವುದು ನಿಮ್ಮ ಶಾಲೆಗೆ ಹತ್ತಿರವೋ ನೋಡಿಕೊಳ್ಳಿ.

ಕೂಗಿ ನೋಡಿ, ಆಮೇಲೆ ಬರೆಸಿ

ಪಟ್ಟಿಯಲ್ಲಿ ಮೂರ್ನಾಲ್ಕು ಉಳಿದ ಮೇಲೆ ಮೈದಾನಕ್ಕೆ ಹೋಗಿ. ಒಂದು ತುದಿಯಲ್ಲಿ ಒಬ್ಬರು ನಿಂತು ಕೂಗಲಿ, ಇನ್ನೊಂದು ತುದಿಯಲ್ಲಿ ಸ್ಪಷ್ಟವಾಗಿ ಕೇಳಿಸಬೇಕು. ಉಂಬಳ ಕೇಳಿಸುತ್ತದೆ. ಕೆಮ್ಮಣ್ಣು ಕೇಳಿಸುತ್ತದೆ. ಅಡಿಕೆ ಸುಲಿಯುವವರು ಅಂತ ಕೂಗುವಷ್ಟರಲ್ಲಿ ರೈಡ್ ಮುಗಿದಿರುತ್ತದೆ. ಈ ವಿದ್ಯೆ ಕಲಿಯಬೇಕೆಂದರೆ ದೀಪಾವಳಿ ಕಳೆದ ಮೇಲೆ ಶಿಕಾರಿಪುರ, ಸೊರಬದ ಕಡೆ ಹೋರಿ ಹಬ್ಬಕ್ಕೆ ಹೋಗಿ. ಅಲ್ಲಿ ಒಂದೊಂದು ಹೋರಿಗೂ ಒಂದೊಂದು ಹೆಸರು, ಒಂದೊಂದು ಬ್ಯಾನರ್, ಒಂದೊಂದು ಅಭಿಮಾನಿ ಬಳಗ. ಮೈಕಿನವನು ಹೆಸರು ಕೂಗಿದ ಕೂಡಲೇ ಜನ ಹುಚ್ಚೆದ್ದು ಕಿರುಚುತ್ತಾರೆ. ಹೋರಿಗೆ ಇಷ್ಟು ಯೋಚನೆ ಮಾಡಿ ಹೆಸರಿಡುವ ನಾವು ಮಕ್ಕಳ ಟೀಮಿಗೆ ಟೈಗರ್ಸ್ ಅಂತ ಸುಮ್ನೆ ಇಟ್ಟುಬಿಡುತ್ತೇವೆ, ಅಲ್ವಾ?

ಕೂಗುವಾಗ ಹುಡುಗಿಯರ ಟೀಮಿಗೂ ಹೊಂದುತ್ತದಾ ನೋಡಿ. ಕೇರೋದಲ್ಲಿ ಹುಡುಗರು ಸಿರಪ್‌ಮೇಕರ್ಸ್ ಆದರೆ ಹುಡುಗಿಯರು ಸಿರಪ್‌ಮೇಡ್ಸ್. ನನಗೆ ಅದು ಅಷ್ಟು ಹಿಡಿಸಲಿಲ್ಲ. ಬೆಲ್ಲ ಕಾಯಿಸುವವರು ಯಾರಾದರೆ ಏನು? ಚೊಗರು, ಉಂಬಳ, ಗಿಡ್ಡ, ಇವುಗಳಲ್ಲಿ ಆ ತಕರಾರೇ ಇಲ್ಲ.

ಹೆಸರು ಗಟ್ಟಿಯಾದ ಮೇಲೆ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿಯವರಿಗೆ ಒಂದು ಪುಟ ಬರೆದು ಕೊಡಿ. ಹೆಸರು ಯಾಕೆ, ಯಾವಾಗ, ಯಾರು ಸೂಚಿಸಿದ್ದು. ಇದನ್ನು ಉದಾಸೀನ ಮಾಡಬೇಡಿ. ಅಮೆರಿಕದ ಎಷ್ಟೋ ಹೆಸರುಗಳಿಗೆ ಎರಡು ಮೂರು ಕಥೆ ಇರುವುದು ಆಗ ಯಾರೂ ಬರೆದಿಡದ ಕಾರಣಕ್ಕೇ. ಊರಿನವರು ಹೇಳಿದ್ದನ್ನು ಊರಿನವರು ಹೇಳುತ್ತಾರೆ ಅಂತಲೇ ಬರೆಯಿರಿ, ಶಿವಪ್ಪನಾಯಕನ ಕಾಲದಿಂದ ಬಂದದ್ದು ಅಂತ ಬಣ್ಣ ಹಚ್ಚಬೇಡಿ. ಸಭೆಯಲ್ಲಿ ಒಬ್ಬರಾದರೂ ಇದೆಂಥ ಹೆಸರು, ಮರ್ಯಾದೆ ಇಲ್ವಾ ಅಂತ ಕೇಳುತ್ತಾರೆ. ಕಾಬ್ಡನ್ ಕಥೆ ಹೇಳಿ. ಸಾಮಾನ್ಯವಾಗಿ ಸುಮ್ಮನಾಗುತ್ತಾರೆ.

ಚಿತ್ರ ಮತ್ತು ವೇಷ

ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ಇಳಿಸಿಕೊಳ್ಳಬೇಡಿ. ಡ್ರಾಯಿಂಗ್ ಚೆನ್ನಾಗಿ ಬರುವ ಒಂಬತ್ತನೇ ಕ್ಲಾಸಿನ ಹುಡುಗಿ ಪ್ರತಿ ಶಾಲೆಯಲ್ಲೂ ಇರುತ್ತಾಳೆ, ಅವಳಿಗೆ ಕೊಡಿ. ಸಾಗರ, ಸೊರಬದ ಕಡೆಯವರು 'ಹಸೆ ಚಿತ್ತಾರ'ದ ಗೆರೆಯಲ್ಲಿ ಬರೆಸಬಹುದು. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಜೆರ್ಸಿ ಮೇಲೆ ತುಂಬಾ ಚೆನ್ನಾಗಿ ಕಾಣುತ್ತದೆ. ಅದು ದೀವರ ಹೆಣ್ಣುಮಕ್ಕಳು ಕಾಪಾಡಿಕೊಂಡು ಬಂದ ಕಲೆ. ಊರಿನಲ್ಲಿ ಬರೆಯುವ ಅಕ್ಕ ಯಾರಾದರೂ ಇದ್ದರೆ ಅವರನ್ನೇ ಕರೆಸಿ, ದುಡ್ಡು ಕೊಡಿ, ಹೆಸರು ಹಾಕಿ. ಬಣ್ಣ ಎರಡಕ್ಕಿಂತ ಜಾಸ್ತಿ ಬೇಡ, ಪ್ರಿಂಟಿಂಗ್ ಖರ್ಚು ಏರುತ್ತದೆ.

ವೇಷದ ವಿಷಯದಲ್ಲಿ ಮಲೆನಾಡಿನ ಲೆಕ್ಕ ಬೇರೆ. ಅಂಗಡಿಯಲ್ಲಿ ಬಾಡಿಗೆಗೆ ಸಿಗುವ ರೋಮದ ಬೊಂಬೆ ವೇಷ ಆಗಸ್ಟ್ ಮಳೆಗೆ ಒಂದು ಸಲ ನೆನೆದರೆ ಮುಗಿಯಿತು. ಒಳಗಿರುವ ಸ್ಪಂಜು ನೀರು ಹೀರಿ ಭಾರ ಆಗುತ್ತದೆ, ಒಣಗುವುದಿಲ್ಲ, ಮೂರನೇ ದಿನಕ್ಕೆ ವಾಸನೆ. ಅದಕ್ಕೆ ತಲೆಯನ್ನು ಬಿದಿರು ಕಡ್ಡಿಯ ಚೌಕಟ್ಟು ಕಟ್ಟಿ, ಅಡಿಕೆ ಹಾಳೆ ಹೊದಿಸಿ ಮಾಡಿ. ಹಾಳೆಯನ್ನು ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಬೇಕಾದ ಆಕಾರಕ್ಕೆ ಬಗ್ಗಿಸಿ ಕಟ್ಟಿಟ್ಟರೆ ಒಣಗಿದ ಮೇಲೆ ಹಾಗೇ ನಿಲ್ಲುತ್ತದೆ. ಹಗುರ, ಕೆಳಗೆ ಬಿದ್ದರೂ ಒಡೆಯುವುದಿಲ್ಲ. ಮೇಲೆ ಬಣ್ಣ ಹಚ್ಚಿ. ಕಣ್ಣು ಮತ್ತು ಬಾಯಿಯ ತೂತು ದೊಡ್ಡದಾಗಿರಲಿ, ಉಸಿರು ಕಟ್ಟಬಾರದು. ಮೈಗೆ ಕಂಬಳಿಕೊಪ್ಪೆ ಸಾಕು, ಉಂಬಳಕ್ಕಂತೂ ಕಪ್ಪು ಕಂಬಳಿಯೇ ಬೇಕು. ಮನೆಗೆ ತಂದ ಮೇಲೆ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ, ಹೊಗೆ ಕುಡಿದರೆ ಹುಳ ಹಿಡಿಯುವುದೂ ಕಡಿಮೆ.

ವೇಷ ಹಾಕಲು ಟೀಮಿನಲ್ಲಿ ಜಾಗ ಸಿಗದ ಆದರೆ ಗಲಾಟೆಗೆ ಕಮ್ಮಿ ಇಲ್ಲದ ಹುಡುಗನನ್ನೋ ಹುಡುಗಿಯನ್ನೋ ಆರಿಸಿ. ಇಬ್ಬರು ಇದ್ದರೆ ಒಳ್ಳೆಯದು, ಅರ್ಧ ಆಟ ಒಬ್ಬರು, ಅರ್ಧ ಆಟ ಇನ್ನೊಬ್ಬರು. ಆಟ ಶುರುವಾಗುವ ಮೊದಲೇ ರೆಫರಿಗೆ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ, ಅಂಕಣದ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ. ಬಾಲ ಇರುವ ವೇಷವನ್ನು ಖೋ-ಖೋ ಅಂಕಣದ ಹತ್ತಿರ ಬಿಡಬೇಡಿ. ಓಡುವ ಮಕ್ಕಳು ಎಡವುತ್ತಾರೆ, ಎದುರು ಶಾಲೆಯ ಮೇಷ್ಟ್ರು ಅದನ್ನೇ ದೊಡ್ಡದು ಮಾಡಿ ಪ್ರೊಟೆಸ್ಟ್ ಬರೆದು ಕೊಡುತ್ತಾರೆ.